ಹಿರಿಯರ ಆರೈಕೆ ಕೆಟ್ಟಾಗ: ಯಾವ ಬಾಗಿಲು, ಯಾವ ವಕೀಲರು

ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿಯ ಯಾವ ಊರಿನಲ್ಲಿ ವಿಚಾರಿಸಿದರೂ ಮನೆಮನೆಯ ಕತೆ ಹೆಚ್ಚುಕಡಿಮೆ ಒಂದೇ. ತೋಟ ಊರಲ್ಲಿ, ಮಕ್ಕಳು ಬೆಂಗಳೂರಲ್ಲಿ, ವಯಸ್ಸಾದ ಅಪ್ಪ ಅಮ್ಮ ತೋಟದ ಮನೆಯಲ್ಲಿ. ಕಾಯಿ ಕೀಳುವವರು, ಸುಲಿಯುವವರು ದುಡ್ಡು ಕೊಟ್ಟರೆ ಹೇಗೋ ಸಿಗುತ್ತಾರೆ. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವವರು ಸಿಗುವುದಿಲ್ಲ. ಹಾಗಾಗಿ ಸೊಂಟದ ಮೂಳೆ ಮುರಿದ ಅಜ್ಜಿ, ಲಕ್ವ ಹೊಡೆದ ಯಜಮಾನರು, ಮರೆವಿನ ಕಾಯಿಲೆಯ ಹಿರಿಯರು ಮೂರರಲ್ಲೊಂದು ಕಡೆಗೆ ಸೇರುತ್ತಾರೆ: ತಿಪಟೂರು, ತುಮಕೂರಿನ ಯಾವುದೋ ನರ್ಸಿಂಗ್ ಹೋಂ, ತಿಂಗಳಿಗಿಷ್ಟು ಎಂದು ಕಟ್ಟಿಸಿಕೊಳ್ಳುವ ವೃದ್ಧಾಶ್ರಮ, ಇಲ್ಲವೇ ಏಜೆನ್ಸಿಯವರು ಕಳಿಸುವ ಹೋಂ ನರ್ಸ್ ಕೈಗೆ.

ಆಮೇಲೆ ಒಂದು ದಿನ ನೋಡಲು ಹೋದ ಮಗಳಿಗೆ ತಾಯಿಯ ಬೆನ್ನಿನ ಮೇಲೆ ಹಾಸಿಗೆ ಹುಣ್ಣು ಕಾಣುತ್ತದೆ. ತೋಳಿನ ಮೇಲೆ ಬೆರಳಚ್ಚಿನಂಥ ನೀಲಿ ಗುರುತು. ಮೈ ಇಳಿದುಹೋಗಿದೆ, ತುಟಿ ಒಣಗಿದೆ, ಕೇಳಿದರೆ ಮಾತಾಡಲು ಹೆದರುತ್ತಾರೆ. ಮನೆಗೆ ಬಂದು ಅಣ್ಣತಮ್ಮಂದಿರ ಹತ್ತಿರ ಹೇಳಿಕೊಂಡಾಗ ಮೊದಲು ಬರುವ ಮಾತು, ‘ಒಳ್ಳೆ ಲಾಯರ್ ಯಾರಾದ್ರೂ ಇದ್ದಾರಾ ನೋಡು.’

ಈ ಪ್ರಶ್ನೆ ಸಹಜ. ಆದರೆ ನಮ್ಮ ಕಾನೂನಿನ ಏರ್ಪಾಟಿನಲ್ಲಿ ಇದು ಎರಡನೆಯ ಪ್ರಶ್ನೆ. ದೂರು ಯಾರ ಮೇಲೆ, ಅದನ್ನು ಕೇಳುವವರು ಯಾರು ಎಂಬುದು ಮೊದಲು ತೀರ್ಮಾನವಾಗಬೇಕು. ಕೆಲವು ಕಡೆ ವಕೀಲರಿಲ್ಲದೆ ಹೆಜ್ಜೆ ಇಡಲಾಗದು, ಕೆಲವು ಕಡೆ ವಕೀಲರು ಬೇಕಿಲ್ಲ, ಒಂದು ಕಡೆಯಂತೂ ವಕೀಲರು ಬರಬಾರದು ಎಂದೇ ಕಾನೂನು ಹೇಳುತ್ತದೆ. ಇದನ್ನು ತಿಳಿಯದೆ ಮೊದಲು ಸಿಕ್ಕ ಕರಿಕೋಟಿನವರಿಗೆ ವಕಾಲತ್ತು ಬರೆದುಕೊಟ್ಟವರು ವರ್ಷಗಟ್ಟಲೆ ವಾಯಿದೆಗೆ ಅಲೆಯುತ್ತಾರೆ.

ಪಿಡುಗು ಎಷ್ಟು ದೊಡ್ಡದು ಎಂಬುದಕ್ಕೆ ಒಂದೆರಡು ಅಂಕಿ ಸಾಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ. ಈಗ ಅದಕ್ಕಿಂತ ಬಹಳ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಹಿರಿಯರಲ್ಲಿ ಆರರಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಏನಾದರೊಂದು ಬಗೆಯ ಕಿರುಕುಳ ಅನುಭವಿಸಿದ್ದಾರೆ. ಆರೈಕೆ ಸಂಸ್ಥೆಗಳ ಸಿಬ್ಬಂದಿಯನ್ನೇ ಕೇಳಿದಾಗ ಮೂವರಲ್ಲಿ ಇಬ್ಬರು, ಕಳೆದ ವರ್ಷದಲ್ಲಿ ತಾವು ಹಾಗೆ ನಡೆದುಕೊಂಡದ್ದುಂಟು ಎಂದು ಒಪ್ಪಿಕೊಂಡಿದ್ದಾರೆ. ಮಾಡಿದವರೇ ಒಪ್ಪಿದ ಮಾತು ಇದು. ಹಿರಿಯರ ದೂರನ್ನು ‘ಅರಳುಮರುಳು’ ಎಂದು ತಳ್ಳಿಹಾಕುವ ಮುನ್ನ ನೆನಪಿರಲಿ.

ನರ್ಸಿಂಗ್ ಹೋಮಿನಿಂದ ಶುರು ಮಾಡೋಣ. ಐವತ್ತು ಹಾಸಿಗೆಯದಾಗಲಿ ಹತ್ತು ಹಾಸಿಗೆಯದಾಗಲಿ, ನಮ್ಮಲ್ಲಿ ಅದು ಖಾಸಗಿ ಆಸ್ಪತ್ರೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಲೇಬೇಕು. ಈ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗಲೇ 2017ರ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು, ಬೆಳಗಾವಿ ಅಧಿವೇಶನದಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅದಕ್ಕೆ ಎದುರಾಗಿ ನಿಂತಿದ್ದು. ಕೊನೆಗೆ ತಿದ್ದುಪಡಿ ಸಾಕಷ್ಟು ಮೆತ್ತಗಾಗಿ ಬಂತು. ಆದರೂ ಉಳಿದುಕೊಂಡದ್ದು ಉಪಯೋಗಕ್ಕೆ ಬರುತ್ತದೆ. ಜಿಲ್ಲಾಧಿಕಾರಿ ಅಧ್ಯಕ್ಷರಾದ, ಜಿಲ್ಲಾ ಆರೋಗ್ಯಾಧಿಕಾರಿ ಇರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ರೋಗಿಯ ಕಡೆಯವರು ನೇರವಾಗಿ ದೂರು ಕೊಡಬಹುದು. ಬಿಲ್ಲು ಬಾಕಿಯಿದೆ ಎಂದು ಹೆಣ ಕೊಡದೆ ಇಟ್ಟುಕೊಳ್ಳುವಂತಿಲ್ಲ. ತುಮಕೂರಿನ ಕಚೇರಿಗೆ ಬಿಳಿ ಹಾಳೆಯಲ್ಲಿ ಬರೆದುಕೊಡುವ ಈ ದೂರಿಗೆ ವಕೀಲರ ಸಹಿ ಬೇಕಿಲ್ಲ. ಪರಿಹಾರದ ದುಡ್ಡು ಇಲ್ಲಿ ಸಿಗುವುದಿಲ್ಲ ಎಂಬುದೂ ನಿಜ.

ದುಡ್ಡಿನ ಪರಿಹಾರ ಬೇಕೆಂದರೆ ಗ್ರಾಹಕರ ಆಯೋಗ. 1995ರಲ್ಲಿ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಸೇವೆಯೂ ‘ಸೇವೆ’ಯೇ ಎಂದು ಹೇಳಿತು. ಅಂದಿನಿಂದ ಈ ದಾರಿ ತೆರೆದಿದೆ. ದುಡ್ಡು ಪಡೆದು ನಡೆಸುವ ವೃದ್ಧಾಶ್ರಮ, ಹೋಂ ನರ್ಸ್ ಏಜೆನ್ಸಿಗಳ ಮೇಲೂ ಸೇವಾ ನ್ಯೂನತೆ ಎಂದು ಇಲ್ಲಿಗೇ ಹೋಗಬಹುದು. ಪೂರ್ತಿ ಉಚಿತವಾಗಿ ನಡೆಸುವ ಆಶ್ರಮದ ಮೇಲೆ ಮಾತ್ರ ಈ ಕಾನೂನು ನಡೆಯುವುದಿಲ್ಲ. ದಾನಧರ್ಮದ ಬೋರ್ಡು ಹಾಕಿಕೊಂಡು ಒಳಗೊಳಗೇ ತಿಂಗಳ ದುಡ್ಡು ವಸೂಲು ಮಾಡುವವರು ರಸೀದಿ ಕೊಡದಿರಲು ಒಂದು ಕಾರಣ ಇದೂ ಇರಬಹುದೇನೋ.

2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಹಳ್ಳಿಯವರಿಗೆ ಒಂದು ದೊಡ್ಡ ಅನುಕೂಲ ಮಾಡಿದೆ. ಹಿಂದೆ ಎದುರುಪಕ್ಷದವರು ಇರುವ ಊರಿನಲ್ಲೋ, ವ್ಯವಹಾರ ನಡೆದ ಕಡೆಯೋ ಕೇಸು ಹಾಕಬೇಕಿತ್ತು. ಈಗ ದೂರುದಾರರು ವಾಸವಾಗಿರುವ ಜಿಲ್ಲೆಯಲ್ಲೇ ಹಾಕಬಹುದು. ಅಂದರೆ ಬೆಂಗಳೂರಿನ ಆಶ್ರಮದ ಮೇಲೆ ಹಂದನಕೆರೆಯವರು ತುಮಕೂರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಸೇವೆಗೆಂದು ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಸಾಕು. ಘಟನೆ ನಡೆದ ಎರಡು ವರ್ಷದೊಳಗೆ ಹಾಕಬೇಕು. ಹಿರಿಯರು ತೀರಿಕೊಂಡಿದ್ದರೆ ವಾರಸುದಾರರು ಹಾಕಬಹುದು. ವಕೀಲರಿಲ್ಲದೆ ತಾವೇ ವಾದಿಸಬಹುದು. ಬರೀ ಬಿಲ್ಲಿನ ತಕರಾರಾದರೆ ಹಾಗೆ ಮಾಡುವುದೇ ಲೇಸು. ಆದರೆ ಹಾಸಿಗೆ ಹುಣ್ಣು ನಂಜಾಗಿ ಜೀವ ಹೋಯಿತು, ಔಷಧಿ ತಪ್ಪಿ ಕೊಟ್ಟರು ಎಂಬಂಥ ದೂರಿನಲ್ಲಿ ಎದುರಿನವರು ವೈದ್ಯರ ಅಭಿಪ್ರಾಯ, ಕೇಸ್ ಶೀಟುಗಳನ್ನು ಮುಂದಿಟ್ಟುಕೊಂಡು ಬರುತ್ತಾರೆ. ಅಲ್ಲಿ ಕೇಸ್ ಶೀಟ್ ಓದಲು ಬರುವ ವಕೀಲರು ಬೇಕು. ಸಿವಿಲ್ ದಾವೆಯಲ್ಲಿ ಎಷ್ಟೇ ಹೆಸರು ಮಾಡಿದವರಾದರೂ ಗ್ರಾಹಕ ಆಯೋಗದ ಕೆಲಸ ಬೇರೆ.

ಪೊಲೀಸರ ದಾರಿ ಇನ್ನೊಂದು. ಹಂದನಕೆರೆಯಲ್ಲೇ ಪೊಲೀಸ್ ಠಾಣೆ ಇದೆ. ಹೊಡೆದಿದ್ದರೆ, ಕೂಡಿಹಾಕಿದ್ದರೆ, ಕಟ್ಟಿಹಾಕಿದ್ದರೆ, ಒಡವೆ ಕದ್ದಿದ್ದರೆ ಅದು ನೇರವಾಗಿ ಅಪರಾಧ. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರು ಬರೆದುಕೊಳ್ಳಬೇಕು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಎಫ್‌ಐಆರ್ ಪ್ರತಿ ಬಿಟ್ಟಿ ಕೊಡಬೇಕು. ಬರೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸುವುದು, ಅದಕ್ಕೂ ಬಗ್ಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗುವುದು. ಈ ಕೊನೆಯ ಹಂತಕ್ಕೆ ಕ್ರಿಮಿನಲ್ ವಕೀಲರು ಬೇಕೇ ಬೇಕು. ವೈದ್ಯರ ನಿರ್ಲಕ್ಷ್ಯದ ಕೇಸಿನಲ್ಲಿ ಮಾತ್ರ ಆತುರ ಪಡಬಾರದು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ನಂತರ, ಬೇರೆ ವೈದ್ಯರ ಸ್ವತಂತ್ರ ಅಭಿಪ್ರಾಯವಿಲ್ಲದೆ ವೈದ್ಯರ ಮೇಲೆ ಕ್ರಿಮಿನಲ್ ಕ್ರಮ ಮುಂದೆ ಹೋಗುವುದು ಕಷ್ಟ. ಡಾಕ್ಟರನ್ನು ನಾಳೆಯೇ ಒಳಗೆ ಹಾಕಿಸುತ್ತೇನೆ ಎನ್ನುವ ವಕೀಲರಿದ್ದರೆ ಅವರಿಂದ ದೂರವಿರಿ.

ವೃದ್ಧಾಶ್ರಮದ ವಿಷಯಕ್ಕೆ ಬಂದರೆ ಕಾನೂನು ಪೊಳ್ಳು. ಜನ ದುಡ್ಡು ಕೊಟ್ಟು ಸೇರುವ ಖಾಸಗಿ ಆಶ್ರಮಕ್ಕೆ ಇಂತಿಷ್ಟು ಜನಕ್ಕೆ ಇಷ್ಟು ಆಯಾಗಳು, ರಾತ್ರಿ ಪಾಳಿಗೆ ಇಷ್ಟು ನರ್ಸುಗಳು, ವರ್ಷಕ್ಕೆ ಇಷ್ಟು ಸಲ ತಪಾಸಣೆ ಎಂದು ಕಟ್ಟುನಿಟ್ಟಾಗಿ ಹೇಳುವ ಕೇಂದ್ರ ಕಾನೂನು ಇಲ್ಲ. 2007ರ ಪಾಲಕರ ಪೋಷಣೆ ಮತ್ತು ರಕ್ಷಣೆ ಹಾಗೂ ಹಿರಿಯ ನಾಗರಿಕರ ಕ್ಷೇಮಪಾಲನಾ ಕಾಯ್ದೆ ರಾಜ್ಯ ಸರ್ಕಾರ ಜಿಲ್ಲೆಗೊಂದಾದರೂ ವೃದ್ಧಾಶ್ರಮ ತೆರೆಯಬಹುದು, ಅದರಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗವಿರಬೇಕು ಎನ್ನುತ್ತದೆ. ಖಾಸಗಿಯವರ ಗುಣಮಟ್ಟದ ವಿಷಯದಲ್ಲಿ ಸುಮ್ಮನಿದೆ. ಮಾಜಿ ಕೇಂದ್ರ ಕಾನೂನು ಸಚಿವ ಅಶ್ವನಿ ಕುಮಾರ್ ಹಾಕಿದ್ದ ಅರ್ಜಿಯ ಮೇಲೆ 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಯಾವ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂದು ರಾಜ್ಯಗಳಿಂದ ಲೆಕ್ಕ ತರಿಸಿಕೊಳ್ಳಿ ಎಂದು ಕೇಂದ್ರಕ್ಕೆ ಹೇಳಬೇಕಾಯಿತು. ಎಷ್ಟಿವೆ ಎಂಬ ಲೆಕ್ಕವನ್ನೇ ಕೋರ್ಟು ಕೇಳಿ ತರಿಸಬೇಕಾದ ಸ್ಥಿತಿಯಲ್ಲಿ ಒಳಗೇನು ನಡೆಯುತ್ತಿದೆ ಎಂಬುದು ಯಾರಿಗೆ ಗೊತ್ತಾಗಬೇಕು? ಮರುವರ್ಷ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆಯಲ್ಲಿ ಆರೈಕೆ ಕೇಂದ್ರಗಳ ಮತ್ತು ಮನೆ ಆರೈಕೆ ಏಜೆನ್ಸಿಗಳ ನೋಂದಣಿ, ಕನಿಷ್ಠ ಗುಣಮಟ್ಟ ಎರಡೂ ಇದ್ದವು. ಸ್ಥಾಯಿ ಸಮಿತಿಗೆ ಹೋಯಿತು, ಆ ಲೋಕಸಭೆಯ ಅವಧಿಯೇ ಮುಗಿಯಿತು, ಕಾಯ್ದೆ ಆಗಲಿಲ್ಲ.

ಅಮೆರಿಕದಲ್ಲಿ 1987ರಲ್ಲೇ ಆರೈಕೆ ಕೇಂದ್ರಗಳಿಗೆ ಒಕ್ಕೂಟ ಸರ್ಕಾರ ಕಾನೂನು ಮಾಡಿ, ನಿವಾಸಿಗಳ ಹಕ್ಕುಗಳನ್ನು ಬರೆದಿಟ್ಟು, ತಪಾಸಣೆ ಕಡ್ಡಾಯ ಮಾಡಿತು. ಪ್ರತಿ ರಾಜ್ಯದಲ್ಲೂ ಇಂಥ ದೂರು ಕೇಳಲೆಂದೇ ಒಂಬುಡ್ಸ್‌ಮನ್ ವ್ಯವಸ್ಥೆ ಇದೆ. ಅಲ್ಲಿಯ ವಕೀಲರು ತಪಾಸಣೆಯ ವರದಿಯನ್ನೇ ಸಾಕ್ಷಿಯಾಗಿ ತಂದು ಕೇಸು ಕಟ್ಟಬಲ್ಲರು. ನಮ್ಮ ವಕೀಲರಿಗೆ ಆ ವರದಿಯೇ ಸಿಗುವುದಿಲ್ಲ, ಏಕೆಂದರೆ ಅಂಥ ಕಡ್ಡಾಯ ತಪಾಸಣೆಯೇ ಇಲ್ಲ. ಸಾಕ್ಷಿ ಕಟ್ಟುವ ಕೆಲಸವೆಲ್ಲ ಮನೆಯವರ ಮೇಲೆ ಬೀಳುತ್ತದೆ.

ಹೋಂ ನರ್ಸ್ ವಿಷಯದಲ್ಲಿ ಒಂದು ಹಳೆಯ ಕಲಮು ಇದೆ, ವಕೀಲರಲ್ಲೂ ಬಹಳ ಮಂದಿ ಬಳಸುವುದಿಲ್ಲ. 1860ರ ದಂಡಸಂಹಿತೆಯ 491ನೇ ಕಲಮು: ಕಾಯಿಲೆಯಿಂದಲೋ ದೈಹಿಕ ದೌರ್ಬಲ್ಯದಿಂದಲೋ ಅಸಹಾಯಕರಾದವರನ್ನು ನೋಡಿಕೊಳ್ಳುತ್ತೇನೆಂದು ಕರಾರು ಮಾಡಿಕೊಂಡು ಬೇಕೆಂದೇ ನೋಡಿಕೊಳ್ಳದಿದ್ದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ 200 ರೂಪಾಯಿವರೆಗೆ ದಂಡ. ದಂಡಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 357ನೇ ಕಲಮಾಗಿ ಉಳಿದಿದೆ, ದಂಡ 5,000 ರೂಪಾಯಿಗೆ ಏರಿದೆ. ಪೊಲೀಸರು ತಾವಾಗಿ ದಾಖಲಿಸಿಕೊಳ್ಳುವ ಅಪರಾಧ ಇದಲ್ಲ, ಮ್ಯಾಜಿಸ್ಟ್ರೇಟರ ಹತ್ತಿರ ಖಾಸಗಿ ದೂರು ಕೊಡಬೇಕು. ಕರಾರು ಇತ್ತೆಂದು ತೋರಿಸಬೇಕು. ನಮ್ಮ ಕಡೆ ಹೋಂ ನರ್ಸ್ ಗೊತ್ತು ಮಾಡುವುದು ಬಾಯಿಮಾತಿನಲ್ಲಿ, ದುಡ್ಡು ಕೊಡುವುದು ಕೈಯಲ್ಲಿ. ಹಾಗಾಗಿ ಕಲಮು ಪುಸ್ತಕದಲ್ಲೇ ಉಳಿಯುತ್ತದೆ. ತಿಂಗಳ ದುಡ್ಡನ್ನು ಫೋನ್‌ಪೇಯಲ್ಲೋ ಬ್ಯಾಂಕಿನಲ್ಲೋ ಕೊಟ್ಟು, ಮಾಡಬೇಕಾದ ಕೆಲಸವನ್ನು ಒಂದು ಹಾಳೆಯಲ್ಲಿ ಬರೆದು ಏಜೆನ್ಸಿಯ ಸಹಿ ಹಾಕಿಸಿಕೊಂಡರೆ ಅರ್ಧ ಕೇಸು ಅಲ್ಲೇ ತಯಾರು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಮಾತು. ತೆಂಗಿನ ಸೀಮೆಯಲ್ಲಿ ಹಿರಿಯರ ನಿರ್ಲಕ್ಷ್ಯ ಹೆಚ್ಚಾಗಿ ನಡೆಯುವುದು ಹೊರಗಿನವರ ಕೈಯಲ್ಲಿ ಅಂತ ನನಗನ್ನಿಸುವುದಿಲ್ಲ. ಮನೆಯೊಳಗೇ ನಡೆಯುತ್ತದೆ. ಆಸ್ಪತ್ರೆಗೆ ಸೇರಿಸಿ ತಿರುಗಿ ನೋಡದೆ ಹೋಗುವುದೂ ಅದರಲ್ಲೊಂದು. 2025ರ ಮಾರ್ಚಿನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲರ ಮುಂದೆ ಬಂದ ಮಾಹಿತಿಯಂತೆ ಬೆಳಗಾವಿಯ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಂದರಲ್ಲೇ ಮಕ್ಕಳು ಬಿಟ್ಟುಹೋದ ಹಿರಿಯರು 150ಕ್ಕೂ ಹೆಚ್ಚು. ಅಂಥ ಮಕ್ಕಳ ಮೇಲೆ 2007ರ ಕಾಯ್ದೆಯಡಿ ಕ್ರಮ ಜರುಗಿಸಲು ಸಚಿವರು ಸೂಚಿಸಿದರು. ನೋಡಿಕೊಳ್ಳುವ ಹೊಣೆ ಹೊತ್ತವರು ಹಿರಿಯರನ್ನು ಪೂರ್ತಿ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಬಂದರೆ ಆ ಕಾಯ್ದೆಯ 24ನೇ ಕಲಮಿನಂತೆ ಮೂರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದನ್ನು ಪೊಲೀಸರೇ ದಾಖಲಿಸಿಕೊಳ್ಳಬಹುದು.

ಮಕ್ಕಳಿಂದ ಜೀವನಾಂಶ ಕೊಡಿಸುವ ಈ ಕಾಯ್ದೆಯ ನ್ಯಾಯಮಂಡಳಿ ನಮ್ಮವರಿಗೆ ತಿಪಟೂರಿನಲ್ಲಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕು ತಿಪಟೂರು ಉಪವಿಭಾಗಕ್ಕೆ ಸೇರುತ್ತವೆ, ಉಪವಿಭಾಗಾಧಿಕಾರಿಯೇ ಮಂಡಳಿಯ ಅಧ್ಯಕ್ಷರು. ಜನ ‘ಏಸಿ ಕೋರ್ಟು’ ಎನ್ನುತ್ತಾರೆ. ಅಲ್ಲಿ ಯಾವ ಪಕ್ಷದವರೂ ವಕೀಲರನ್ನು ಇಟ್ಟುಕೊಳ್ಳುವಂತಿಲ್ಲ ಎಂದು 17ನೇ ಕಲಮು ಹೇಳುತ್ತದೆ. ಹಿರಿಯರು ಬಯಸಿದರೆ ಸರ್ಕಾರದ ಜೀವನಾಂಶ ಅಧಿಕಾರಿ ಅವರ ಪರವಾಗಿ ನಿಲ್ಲಬೇಕು. ಕೇರಳ ಹೈಕೋರ್ಟು 2021ರಲ್ಲಿ ಈ 17ನೇ ಕಲಮು ವಕೀಲರ ಕಾಯ್ದೆಗೆ ವಿರುದ್ಧ ಎಂದಿತು. ಆ ತೀರ್ಪಿನಲ್ಲಿ ತರ್ಕವಿದೆ. ಆದರೂ ದುಡ್ಡಿರುವ ಮಗ ನಾಲ್ವರು ವಕೀಲರನ್ನು ಕರೆತಂದು ನಿಲ್ಲಿಸಿದರೆ ಎಪ್ಪತ್ತೈದರ ತಾಯಿ ಎದುರಿಗೆ ಏನು ಮಾಡಬೇಕು ಎಂದು ಯೋಚಿಸಿದಾಗ ಈ ಅಡ್ಡಗೋಡೆ ಇರುವುದೇ ಸರಿ ಎನ್ನುವ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಬಡವರಿಗೆ ಸುಲಭವಾಗಲೆಂದು ಮಾಡಿದ ಜಾಗವನ್ನು ಇನ್ನೊಂದು ಸಿವಿಲ್ ಕೋರ್ಟು ಮಾಡಿ ಏನು ಪ್ರಯೋಜನ?

ಅರ್ಜಿಯನ್ನು ಹಿರಿಯರೇ ಕೊಡಬಹುದು. ಅವರ ಕೈಲಾಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಯಾರಾದರೂ, ಸಂಘಸಂಸ್ಥೆಯಾದರೂ ಕೊಡಬಹುದು. ಏಸಿಯವರು ತಾವಾಗಿಯೂ ಎತ್ತಿಕೊಳ್ಳಬಹುದು. ನೋಟಿಸು ಮುಟ್ಟಿದ 90 ದಿನದಲ್ಲಿ ಇತ್ಯರ್ಥವಾಗಬೇಕು, ಹೆಚ್ಚೆಂದರೆ ಇನ್ನೂ 30 ದಿನ. ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಮೇಲ್ಮನವಿ ಜಿಲ್ಲಾಧಿಕಾರಿಯವರಿಗೆ, 60 ದಿನದೊಳಗೆ. ವಕೀಲರು ಬೇಕಾಗುವುದು ಆಮೇಲೆ ಹೈಕೋರ್ಟಿಗೆ ಹೋದಾಗ. ಮೈಸೂರಿನ ಒಬ್ಬ ವೃದ್ಧ ತಾಯಿಯ ಪ್ರಕರಣ ಇದೇ ದಾರಿಯಲ್ಲಿ ನಡೆಯಿತು: ಉಪವಿಭಾಗಾಧಿಕಾರಿ ಒಬ್ಬೊಬ್ಬ ಮಗನೂ ತಿಂಗಳಿಗೆ 5,000 ಕೊಡಬೇಕು ಎಂದರು, ಜಿಲ್ಲಾಧಿಕಾರಿ ಅದನ್ನು 10,000ಕ್ಕೆ ಏರಿಸಿದರು, ಗಂಡುಮಕ್ಕಳು ಹೈಕೋರ್ಟಿಗೆ ಹೋದಾಗ 2023ರ ಜುಲೈನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಅವರ ಅರ್ಜಿ ವಜಾ ಮಾಡಿದರು. ಇಲ್ಲಿ ಒಂದು ಮಿತಿಯನ್ನು ತಿಳಿದಿರಬೇಕು. ಏಸಿ ಕೋರ್ಟಿನ ಅಧಿಕಾರ ಮಕ್ಕಳ ಮೇಲೆ, ಮಕ್ಕಳಿಲ್ಲದವರಾದರೆ ಅವರ ಆಸ್ತಿಗೆ ಹಕ್ಕುದಾರರಾದ ನೆಂಟರ ಮೇಲೆ. ವೃದ್ಧಾಶ್ರಮದ ಮೇಲಿನ ದೂರನ್ನು ಅಲ್ಲಿ ಕೊಟ್ಟರೆ ತಿರುಗಿ ಬರುತ್ತದೆ.

ನಮ್ಮ ಸೀಮೆಯಲ್ಲಿ ಈ ಎಲ್ಲ ವ್ಯಾಜ್ಯದ ಬುಡಕ್ಕೆ ಹೋದರೆ ತೋಟ ಸಿಗುತ್ತದೆ. ‘ನಿನ್ನ ಹೆಸರಿಗೆ ಮಾಡಿಕೊಡ್ತೀನಿ, ಕೊನೆತನಕ ನೋಡ್ಕೊ’ ಎಂದು ಚಿಕ್ಕನಾಯಕನಹಳ್ಳಿಯ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದಾನಪತ್ರ ಆಗುತ್ತದೆ. ಪಹಣಿ ಬದಲಾಗುತ್ತದೆ. ನೋಡಿಕೊಳ್ಳುವ ಮಾತು ಪತ್ರದೊಳಗೆ ಬರೆದಿರುವುದಿಲ್ಲ, ಬರೆಸಿದರೆ ಮಗನಿಗೆ ಬೇಜಾರಾದೀತು ಎಂಬ ದಾಕ್ಷಿಣ್ಯ. 2007ರ ಕಾಯ್ದೆಯ 23ನೇ ಕಲಮಿನಂತೆ ನೋಡಿಕೊಳ್ಳುವ ಷರತ್ತಿಗೊಳಪಟ್ಟು ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ವಾಪಸು ಪಡೆಯಬಹುದು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುದೇಶ್ ಚಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಬಿಗಿಯಾಗಿ ಹೇಳಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟು, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆ, ಉದಾರವಾಗಿ ಓದಬೇಕು ಎಂದು ತಾಯಿಗೆ ಆಸ್ತಿ ಹಿಂತಿರುಗಿಸಿತು. ಆ ತಾಯಿಯ ಹತ್ತಿರ ಮಗ ಬರೆದುಕೊಟ್ಟ ಪ್ರತ್ಯೇಕ ವಚನಪತ್ರವಿತ್ತು ಎಂಬುದನ್ನು ಗಮನಿಸಬೇಕು. ಎರಡು ತೀರ್ಪನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಸಿಗುವ ಬುದ್ಧಿ ಒಂದೇ: ಷರತ್ತನ್ನು ಪತ್ರದೊಳಗೇ ಬರೆಸಿ. ಪತ್ರ ಬರೆಸುವ ಹೊತ್ತಿಗೆ ವಕೀಲರಿಗೆ ಕೊಡುವ ಫೀಸು ಆಮೇಲೆ ಕೊಡುವುದರ ಒಂದು ಪಾಲೂ ಆಗುವುದಿಲ್ಲ.

ಈಗ ಆ ಎರಡನೆಯ ಪ್ರಶ್ನೆಗೆ ಬರಬಹುದು: ವಕೀಲರನ್ನು ಹುಡುಕುವುದು ಹೇಗೆ? ಅಮೆರಿಕದಲ್ಲಿ ಹೆದ್ದಾರಿಯ ಪಕ್ಕ ದೊಡ್ಡ ಫಲಕ ಹಾಕಿ ವಕೀಲರು ಕರೆಯುತ್ತಾರೆ. ಗೆದ್ದರೆ ಪರಿಹಾರದಲ್ಲಿ ಪಾಲು, ಸೋತರೆ ಫೀಸಿಲ್ಲ. ನಮ್ಮಲ್ಲಿ ಎರಡೂ ನಿಷಿದ್ಧ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ 36ನೆಯದು ಜಾಹೀರಾತನ್ನು ತಡೆಯುತ್ತದೆ, 20ನೆಯದು ಫಲಿತಾಂಶದ ಮೇಲೆ ಫೀಸು ಗೊತ್ತುಮಾಡುವುದನ್ನು ತಡೆಯುತ್ತದೆ. ಅಂತರ್ಜಾಲದ ಪೋರ್ಟಲ್ಲುಗಳು ವಕೀಲರನ್ನು ದರ್ಜೆ ಕಟ್ಟಿ ಮಾರುತ್ತಿವೆ ಎಂದು 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಕ್ರಮಕ್ಕೆ ಆದೇಶಿಸಿತು. ಆದ್ದರಿಂದ ಫೋನಿನಲ್ಲಿ ಹುಡುಕಿದಾಗ ಮೊದಲು ಬರುವ ಹೆಸರು ಯೋಗ್ಯತೆಯ ಗುರುತಲ್ಲ. ‘ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಸಾಕು’ ಎನ್ನುವವರು ನಿಯಮ ಮುರಿಯುತ್ತಿದ್ದಾರೆ. ಅಲ್ಲೇ ಒಂದು ಸೂಚನೆ ಸಿಕ್ಕಂತೆ.

ತಾಲ್ಲೂಕು ಕೇಂದ್ರದ ವಕೀಲರ ವಲಯ ಸಣ್ಣದು. ಎಲ್ಲರೂ ಎಲ್ಲರಿಗೂ ಗೊತ್ತು. ನಿಮ್ಮ ಅಣ್ಣನಿಗೆ ದಾನಪತ್ರ ಬರೆದುಕೊಟ್ಟವರು, ಆ ನರ್ಸಿಂಗ್ ಹೋಮಿನ ಬಾಡಿಗೆ ಕರಾರು ನೋಡಿಕೊಂಡವರು, ಆಶ್ರಮದ ಟ್ರಸ್ಟಿನ ಸಲಹೆಗಾರರು ನೀವು ಹೋದ ಕಚೇರಿಯವರೇ ಆಗಿರಬಹುದು. ಆದ್ದರಿಂದ ಹೋದ ಕೂಡಲೆ ಕೇಳಬೇಕಾದ್ದು, ‘ಎದುರಿನವರಿಗೆ ನೀವು ಯಾವತ್ತಾದರೂ ಕೆಲಸ ಮಾಡಿಕೊಟ್ಟಿದ್ದೀರಾ ಸಾರ್?’ ಇದರಲ್ಲಿ ಅಗೌರವವೇನಿಲ್ಲ, ಅಂಥ ಸಂಬಂಧವಿದ್ದರೆ ಹೇಳುವುದು ಅವರ ಕರ್ತವ್ಯ. ಗ್ರಾಹಕ ಆಯೋಗದ ಕೇಸುಗಳನ್ನು ತಾವೇ ನಡೆಸಿದ್ದಾರೆಯೇ, ತುಮಕೂರಿಗೆ ಪ್ರತಿ ವಾಯಿದೆಗೂ ತಾವೇ ಬರುತ್ತಾರೆಯೇ ಅಥವಾ ಕಿರಿಯರನ್ನು ಕಳಿಸುತ್ತಾರೆಯೇ, ಫೀಸು ಒಟ್ಟಿಗೋ ವಾಯಿದೆಗಿಷ್ಟೋ, ಖರ್ಚುವೆಚ್ಚ ಬೇರೆಯೋ, ಇವನ್ನೂ ಕೇಳಿ. ರಸೀದಿ ಕೇಳಿ. ಹಂದನಕೆರೆಯವರಿಗೆ ನಾನು ಹೇಳುವುದಿಷ್ಟು: ಪೊಲೀಸ್, ಮ್ಯಾಜಿಸ್ಟ್ರೇಟ್ ಕೆಲಸಕ್ಕೆ ಆ ಕೋರ್ಟಿನ ಊರಿನವರನ್ನೇ ಹಿಡಿಯಿರಿ, ಠಾಣೆ ಕಚೇರಿಗಳ ನಡೆ ಅವರಿಗೆ ಗೊತ್ತು. ವೈದ್ಯಕೀಯ ನಿರ್ಲಕ್ಷ್ಯದ ಪರಿಹಾರಕ್ಕೆ ತುಮಕೂರಿನ ಆಯೋಗದಲ್ಲಿ ದಿನವೂ ನಿಲ್ಲುವವರನ್ನು ನೋಡಿ. ಒಬ್ಬರೇ ಎಲ್ಲವನ್ನೂ ಮಾಡುತ್ತೇನೆಂದರೆ ಸ್ವಲ್ಪ ಯೋಚಿಸಿ.

ದುಡ್ಡಿಲ್ಲದವರಿಗೆ ದಾರಿಯಿದೆ, ಬಹಳ ಜನ ಬಳಸುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರು ಸಿಗುತ್ತಾರೆ. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ. ಅಂದರೆ ಹತ್ತು ಎಕರೆ ತೆಂಗಿನ ತೋಟದ ಯಜಮಾನಿಗೂ ಹಕ್ಕಿದೆ. ಪ್ರತಿ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೂ ಕಾನೂನು ಸೇವಾ ಸಮಿತಿ ಇರುತ್ತದೆ, ಅಲ್ಲಿಯ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ಬಿಟ್ಟಿ ವಕೀಲರು ಚೆನ್ನಾಗಿ ನಡೆಸುವುದಿಲ್ಲ ಎಂಬ ಮಾತು ಊರಲ್ಲಿ ಓಡಾಡುತ್ತದೆ. ಕೆಲವರ ಮಟ್ಟಿಗೆ ನಿಜವಿರಬಹುದು. ಹಾಗಿದ್ದರೆ ಸಮಿತಿಗೆ ಬರೆದುಕೊಟ್ಟು ಬೇರೆಯವರನ್ನು ಕೇಳಬಹುದು. ಫೀಸು ಕೊಟ್ಟು ಇಟ್ಟುಕೊಂಡವರನ್ನು ಬದಲಿಸುವುದಕ್ಕಿಂತ ಇದೇ ಸಲೀಸು.

ಫೀಸು ಕೊಟ್ಟವರ ವಿಷಯದಲ್ಲೂ ಎರಡು ಮಾತು ತಿಳಿದಿರಲಿ. ಬಾಕಿ ಫೀಸಿಗಾಗಿ ಕಡತವನ್ನು ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ವಕೀಲರು ಕೇಸು ಕೆಡಿಸಿದರೆಂದು ಅವರ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಲಾಗದು, ಅದೇ ಕೋರ್ಟಿನ 2024ರ ಮೇ 14ರ ತೀರ್ಪು ಆ ಬಾಗಿಲು ಮುಚ್ಚಿದೆ. ದುರ್ನಡತೆಯಿದ್ದರೆ ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಆಸ್ಪತ್ರೆಯನ್ನು ಕೇಳಬಹುದಾದ ಕಡೆ ವಕೀಲರನ್ನು ಕೇಳಲಾಗದಿರುವುದು ನನಗಂತೂ ಸರಿ ಕಾಣುವುದಿಲ್ಲ.

ಯಾವ ವಕೀಲರನ್ನು ಹಿಡಿದರೂ ಅವರ ಕೈಗೆ ಕೊಡಲು ಏನಾದರೂ ಇರಬೇಕು. ಅನುಮಾನ ಬಂದ ದಿನವೇ ಗಾಯದ, ಹುಣ್ಣಿನ, ಹಾಸಿಗೆಯ ಫೋಟೊ ತೆಗೆದು ಮೂಲ ಫೋನನ್ನೇ ಜೋಪಾನ ಮಾಡಿ. ಆ ಫೋಟೊ ಕೋರ್ಟಿನಲ್ಲಿ ನಿಲ್ಲಲು ಸಾಕ್ಷ್ಯ ಕಾಯ್ದೆಯ ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಸಾಧನವಿದ್ದರೆ ಅದು ಸುಲಭ. ಬೇರೊಂದು ಆಸ್ಪತ್ರೆಗೆ, ಸಾಧ್ಯವಾದರೆ ಸರ್ಕಾರಿ ಆಸ್ಪತ್ರೆಗೆ ತೋರಿಸಿ ಗಾಯದ ವಿವರ ಬರೆಸಿಕೊಳ್ಳಿ. ಚಿಕಿತ್ಸೆಯ ದಾಖಲೆ ಲಿಖಿತವಾಗಿ ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯರ ವೃತ್ತಿನೀತಿ ನಿಯಮ ಹೇಳುತ್ತದೆ. ಜಗಳ ತೆಗೆಯುವ ಮೊದಲೇ ಕೇಳಿ. ಜಗಳವಾದ ಮೇಲೆ ಕೇಸ್ ಶೀಟು ಹೊಸದಾಗಿ ಬರೆದಂತೆ ಕಾಣತೊಡಗುತ್ತದೆ.

ಸಾವಿನಲ್ಲಿ ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸದೆ ಇರಬಾರದು. ಇದು ಹೇಳಲು ಸುಲಭ. ಊರಿಗೆ ಹೆಣ ಬಂದಿದೆ, ನೆಂಟರೆಲ್ಲ ಸೇರಿದ್ದಾರೆ, ‘ಹೋದವರು ಹೋದರು, ಮೈ ಕುಯ್ಸಿ ಏನು ಮಾಡ್ತೀಯಾ’ ಎಂದು ದೊಡ್ಡವರು ಹೇಳುವಾಗ ಒಬ್ಬ ಮಗಳು ತಡೆದು ನಿಲ್ಲುವುದು ಸುಲಭವಲ್ಲ. ಆದರೆ ಸುಟ್ಟ ಮೇಲೆ ಸಾಕ್ಷಿ ಹೋಯಿತು. ಹೂಳುವ ಪದ್ಧತಿಯವರಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆಯಿಂದ ಮತ್ತೆ ತೆಗೆಸಿ ಪರೀಕ್ಷಿಸಲು ಕಾನೂನಿನಲ್ಲಿ ಅವಕಾಶವಿದೆ. ಆ ಸಂಕಟಕ್ಕೆ ಹೋಗುವ ಬದಲು ಮೊದಲೇ ಠಾಣೆಗೆ ಒಂದು ಚೀಟಿ ಬರೆದುಕೊಡುವುದು ಮೇಲು.

ಪರದೇಶದಲ್ಲಿರುವ ಮಕ್ಕಳ ಪಾಡು ಬೇರೆ. ಅಲ್ಲಿಂದ ದುಡ್ಡು ಕಳಿಸಿದವರು ಅವರು, ಸೇವೆ ಪಡೆದವರು ಇಲ್ಲಿಯ ತಾಯಿ. ಗ್ರಾಹಕ ಕಾನೂನಿನ ಮುಂದೆ ಇಬ್ಬರೂ ಗ್ರಾಹಕರೇ. ಇಲ್ಲಿ ಓಡಾಡಲು ನಂಬಿಕೆಯ ಒಬ್ಬರಿಗೆ ಅಧಿಕಾರಪತ್ರ ಬರೆದುಕೊಡಬೇಕು. ಅಲ್ಲಿಯ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪತ್ರಕ್ಕೆ, ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಕಟ್ಟಬೇಕು. ಅದು ತಪ್ಪಿದರೆ ಆಸ್ಪತ್ರೆಯ ಕಡೆಯ ವಕೀಲರು ಮೊದಲು ಎತ್ತುವ ತಕರಾರೇ ಅದು.

ಕೊನೆಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ವಕೀಲರ ಸಂಘಗಳಲ್ಲಿ ಒಂದು ಮನವಿ. ವಕೀಲರು ಒಬ್ಬೊಬ್ಬರಾಗಿ ಜಾಹೀರಾತು ಹಾಕುವಂತಿಲ್ಲ, ಸರಿ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಜೊತೆ ಸೇರಿ, ಹಿರಿಯರ ಆರೈಕೆಯ ಪ್ರಕರಣಗಳನ್ನು ತೆಗೆದುಕೊಳ್ಳಲು ಸಿದ್ಧರಿರುವವರ ಪಟ್ಟಿಯೊಂದನ್ನು ಸಮಿತಿಯ ಹೆಸರಿನಲ್ಲಿ ಮಾಡಿ, ಹೋಬಳಿಯ ನಾಡಕಚೇರಿಯಲ್ಲೂ ಆರೋಗ್ಯ ಕೇಂದ್ರದಲ್ಲೂ ಅಂಟಿಸಿ. ಪಟ್ಟಿಯ ಕೆಳಗೆ ಹಿರಿಯರ ಸಹಾಯವಾಣಿ 14567, ಉಚಿತ ಕಾನೂನು ನೆರವಿನ 15100, ತುರ್ತಿಗೆ 112 ಬರೆದಿರಲಿ. ಉಪವಿಭಾಗಾಧಿಕಾರಿಗಳು ತಮ್ಮ ಮೂರು ತಾಲ್ಲೂಕಿನಲ್ಲಿರುವ ವೃದ್ಧಾಶ್ರಮಗಳ ಹೆಸರನ್ನು ಪಕ್ಕದಲ್ಲೇ ಹಾಕಿಸಲಿ. ಅದಕ್ಕೆ ಲೋಕಸಭೆಯ ಮಸೂದೆಗಾಗಿ ಕಾಯಬೇಕಿಲ್ಲ.